ಏರ್ ಗನ್ ಡಬ್ಬಿ ಮೇಲಿನ ‘1000 ಅಡಿ ಸ್ಪೀಡ್’ ನಿಜಾನಾ? ದುಡ್ಡು ಕೊಡೋ ಮುಂಚೆ ತಿಳ್ಕೊಳ್ಳಿ

ಮಂಡಿಕಲ್: ಕಡಲೆಕಾಯಿ, ಮುಸುಕಿನ ಜೋಳ ಕೈಗೆ ಬರೋ ಹೊತ್ತಿಗೆ ಕೋತಿ, ನವಿಲು, ಕಾಡುಹಂದಿ ಕಾಟ ಶುರುವಾಗುತ್ತೆ. ಹೆದರಿಸೋಕೆ ಒಂದು ಏರ್ ಗನ್ ಇರಲಿ ಅಂತ ಹೊರಡೋರು ಮೊದಲು ನೋಡೋದು ಡಬ್ಬಿ ಮೇಲೆ ದಪ್ಪಕ್ಷರದಲ್ಲಿರುವ ಸ್ಪೀಡ್. ‘ಸೆಕೆಂಡಿಗೆ 1000 ಅಡಿ’ ಅಂದ್ರೆ ಸುಮಾರು 305 ಮೀಟರ್. ಹೊಲದಲ್ಲಿ ಅಷ್ಟು ವೇಗ ಸಿಗೋದು ಕಷ್ಟ.

ಯಾಕೆ ವ್ಯತ್ಯಾಸ?

ಹೆಚ್ಚು ಸ್ಪೀಡ್ ತೋರಿಸಬೇಕಾದ್ರೆ ಹಗುರ ಪೆಲೆಟ್ ಹಾಕಿ ಅಳೆದರೆ ಸಾಕು. ಉದಾಹರಣೆಗೆ 0.35 ಗ್ರಾಂ ತೂಕದ ಪೆಲೆಟ್ 305 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 16 ಜೌಲ್. ಅದೇ ಶಕ್ತಿಯಲ್ಲಿ 0.52 ಗ್ರಾಂನ ಮಾಮೂಲಿ ಸೀಸದ ಪೆಲೆಟ್ ಹೊಡೆದರೆ ವೇಗ 250 ಮೀಟರ್‌ಗೆ, ಅಂದ್ರೆ 820 ಅಡಿಗೆ ಇಳಿಯುತ್ತೆ. ಸ್ಪ್ರಿಂಗ್ ಸವೆದಂತೆ ಇದೂ ಕಡಿಮೆಯಾಗುತ್ತೆ.

ರೈಫಲ್ ತೋಟಾಗಳ ಕಥೆನೂ ಇದೇ. ಕಂಪನಿಗಳು ಸಾಮಾನ್ಯವಾಗಿ 24 ಇಂಚಿನ ಟೆಸ್ಟ್ ಬ್ಯಾರೆಲ್‌ನಲ್ಲಿ ಅಳೆದ ವೇಗವನ್ನು ಡಬ್ಬಿ ಮೇಲೆ ಹಾಕುತ್ತವೆ. ಬ್ಯಾರೆಲ್ 20 ಇಂಚಿದ್ದರೆ ಸೆಕೆಂಡಿಗೆ 100 ಅಡಿಯಷ್ಟು ಕಡಿಮೆ ಬರಬಹುದು. ನಿಜವಾದ ವೇಗ ತಿಳಿಯೋಕೆ ಕ್ರೋನೋಗ್ರಾಫ್ ಅನ್ನೋ ಯಂತ್ರದ ಮುಂದೆ ಹೊಡೆದೇ ನೋಡಬೇಕು.

ಸ್ಪೀಡ್ ನಿಜವಾದ್ರೆ ಇನ್ನೊಂದು ತೊಂದರೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಶಕ್ತಿ 20 ಜೌಲ್ ಮೀರದ, 0.177 ಇಂಚು (4.5 ಮಿ.ಮೀ.) ಮೀರದ ಏರ್ ಗನ್‌ಗೆ ಮಾತ್ರ ಲೈಸೆನ್ಸ್ ಬೇಡ. 0.22 ಇಂಚಿನದ್ದಾದರೆ ವೇಗ ಎಷ್ಟೇ ಇರಲಿ, ಲೈಸೆನ್ಸ್ ಬೇಕು.

ಈಗ ಲೆಕ್ಕ ಹಾಕಿ: 0.52 ಗ್ರಾಂ ಪೆಲೆಟ್ ನಿಜವಾಗಿಯೂ 1000 ಅಡಿ ವೇಗದಲ್ಲಿ ಹೋದರೆ ಶಕ್ತಿ 24 ಜೌಲ್ ದಾಟುತ್ತೆ. ಆಗ ಆ ಗನ್ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋದೇ ತಪ್ಪು. ಅಂದ್ರೆ ಡಬ್ಬಿ ಮೇಲಿನ ಮಾತು ಸುಳ್ಳಾದ್ರೆ ದುಡ್ಡು ದಂಡ, ನಿಜವಾದ್ರೆ ಕೇಸ್ ಭಯ. ಎರಡೂ ರೈತನ ತಲೆ ಮೇಲೇ.

ಪ್ರಾಣಿಗೆ ತಗುಲಿದ್ರೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲೋದು ಮಾತ್ರವಲ್ಲ, ಗಾಯ ಮಾಡೋದೂ ಬೇಟೆಯೇ. ನವಿಲು ಮೊದಲ ಪಟ್ಟಿಯಲ್ಲಿದೆ. ಅದನ್ನು ಬೇಟೆಯಾಡಿದ್ದು ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಇನ್ನು ಕಾಡುಹಂದಿ ಈ ಪೆಲೆಟ್‌ಗೆ ಸಾಯಲ್ಲ, ಗಾಯಗೊಂಡು ಮನುಷ್ಯರ ಮೇಲೇ ತಿರುಗಿ ಬೀಳಬಹುದು. ಸ್ಪೀಡ್ ಕಡಿಮೆ ಅಂತ ಮಕ್ಕಳ ಕೈಗಂತೂ ಕೊಡಲೇಬೇಡಿ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ.

ಕೊಳ್ಳೋರು ಕೇಳಬೇಕಾದ್ದು

* ಈ ಸ್ಪೀಡ್ ಎಷ್ಟು ಗ್ರಾಂ ಪೆಲೆಟ್‌ನಲ್ಲಿ ಅಳೆದಿದ್ದು?
* ಶಕ್ತಿ ಎಷ್ಟು ಜೌಲ್? ಬಿಲ್‌ನಲ್ಲಿ ಬರೆದುಕೊಡ್ತೀರಾ?
* ನಳಿಗೆ 0.177 ಇಂಚಿನದ್ದೇನಾ?

ಉತ್ತರ ಸರಿಯಾಗಿ ಬರದಿದ್ದರೆ ಆ ಗನ್ ಬೇಡ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಪರಿಹಾರದ ಬಗ್ಗೆ ವಿಚಾರಿಸೋದು ಒಳ್ಳೇದು.