ಬಟ್ಟೆಯ ಮುಖಗವಸು: ಮನೆಯಲ್ಲಿಯೇ ಹೊಲಿಯುವ ವಿಧಾನ

ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊಮ್ಮುವ ಹನಿಗಳಿಂದ ಕೋವಿಡ್-19 ಹರಡುತ್ತದೆ. ನೇಯ್ಗೆ ಒತ್ತಾಗಿದ್ದು, ಅಂಚುಗಳು ಮುಖಕ್ಕೆ ಹೊಂದಿಕೊಂಡಾಗ ಮಾತ್ರ ಮುಖಗವಸು ಉಪಯುಕ್ತ. ಆದ್ದರಿಂದ ಸ್ವಸಹಾಯ ಗುಂಪುಗಳ ಸದಸ್ಯೆಯರು ಹಾಗೂ ಮನೆಯಲ್ಲಿ ಹೊಲಿಯುವವರು ಕೆಳಕಂಡ ಅಂಶಗಳನ್ನು ಗಮನಿಸುವುದು.

ಸಾಮಗ್ರಿಗಳು: ಹತ್ತಿ ಬಟ್ಟೆ, ಹೊಲಿಗೆ ಯಂತ್ರ ಅಥವಾ ಸೂಜಿ-ದಾರ, ಕತ್ತರಿ, ಅಳತೆ ಟೇಪು, ಗುಂಡುಸೂಜಿ, ಇಸ್ತ್ರಿ ಪೆಟ್ಟಿಗೆ.

ಬಟ್ಟೆ: ಬೆಳಕಿಗೆ ಹಿಡಿದಾಗ ಬೆಳಕು ಧಾರಾಳವಾಗಿ ಹಾಯ್ದರೆ ಆ ಬಟ್ಟೆ ತಕ್ಕದ್ದಲ್ಲ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಒಗೆದು ಒಣಗಿಸಿದ ನಂತರವೇ ಕತ್ತರಿಸಬೇಕು. ಇಲ್ಲವಾದಲ್ಲಿ ಮೊದಲ ಒಗೆತದ ನಂತರ ಮುಖಗವಸು ಕಿರಿದಾಗಿ ಮೂಗು ಹೊರಗುಳಿಯುತ್ತದೆ.

ಹೊಲಿಗೆ: ವಿಶ್ವ ಆರೋಗ್ಯ ಸಂಸ್ಥೆಯು 2020ರ ಜೂನ್‌ನಲ್ಲಿ ಮೂರು ಪದರಗಳನ್ನು ಶಿಫಾರಸು ಮಾಡಿರುತ್ತದೆ. ವಯಸ್ಕರಿಗೆ 10 ಇಂಚು ಉದ್ದ, 8 ಇಂಚು ಅಗಲದ ಮೂರು ತುಂಡುಗಳನ್ನು ಜೋಡಿಸಿ, ಅಂಚುಗಳನ್ನು ಅರ್ಧ ಇಂಚು ಮಡಚಿ ಹೊಲಿಯಬೇಕು. ಪಕ್ಕದ ಅಂಚು 4 ಇಂಚಿಗೆ ಬರುವಂತೆ ಮೂರು ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ನಾಲ್ಕು ಮೂಲೆಗಳಿಗೆ ಲಾಡಿ ಹೊಲಿಯಬೇಕು. ಹೊರಬದಿಯ ನೆರಿಗೆಗಳು ಕೆಳಮುಖವಾಗಿರಲಿ. ಮೇಲ್ಮುಖವಾದರೆ ಧೂಳು ನಿಲ್ಲುತ್ತದೆ.

ಬಳಕೆ: ನರೇಗಾ ಕಾಮಗಾರಿ ಸ್ಥಳಗಳಲ್ಲಿ ಬೆವರಿನಿಂದ ಒದ್ದೆಯಾದ ಮುಖಗವಸಿನಲ್ಲಿ ಉಸಿರಾಟ ಕಷ್ಟ, ಕೂಲಿಕಾರರು ಬದಲಿಗೆ ಇನ್ನೊಂದನ್ನು ಇಟ್ಟುಕೊಳ್ಳಬೇಕು. ಪ್ರತಿದಿನ ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ತೊಡಿಸಬಾರದು.