ವರ್ಷವಿಡೀ ಬರುವ ಅಕ್ಕ, ಅಣ್ಣ

ಬಡಮಕ್ಕಳ ಸೇವೆ ಎಂದೊಡನೆ ನಮಗೆ ನೆನಪಾಗುವುದು ನೋಟ್‌ಬುಕ್ ಹಂಚಿಕೆ, ಒಂದು ದಿನದ ಶಿಬಿರ, ಕೊನೆಗೊಂದು ಗುಂಪು ಫೋಟೊ. ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಇಷ್ಟು ಸಾಲದು. ಒಂದಿಷ್ಟು ಓದಿದ ಅಕ್ಕನೋ ಅಣ್ಣನೋ, ಅದೇ ಊರಿನವರೋ ಪಕ್ಕದೂರಿನವರೋ, ವರ್ಷವಿಡೀ ತಪ್ಪದೆ ಬಂದು ಊರು ಕೇರಿ ಎರಡರ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸಿದರೆ ಮಾತ್ರ ಅದು ನಿಜವಾದ ಸೇವೆ.

ಸ್ಥಳೀಯರೇ ಏಕೆ? ಮುಂಬೈ ಮತ್ತು ವಡೋದರಾಗಳಲ್ಲಿ 2001ರಿಂದ 2003ರವರೆಗೆ ‘ಪ್ರಥಮ್’ ಸಂಸ್ಥೆಯ ಬಾಲಸಖಿ ಯೋಜನೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು ನೋಡಿದರು. ಅಲ್ಲಿನವರೇ ಆದ ಯುವತಿಯರು ಕಲಿಕೆಯಲ್ಲಿ ಹಿಂದುಳಿದ 15-20 ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಹೇಳಿದರು. ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದವು. ಕೋಲಾರದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. 52ರಲ್ಲಿ 37 ಕಳೆಯಲು ಹೇಳಿದರೆ ಮಗು 7ರಲ್ಲಿ 2 ಕಳೆದು, 5ರಲ್ಲಿ 3 ಕಳೆದು, 25 ಎಂದು ಬರೆಯುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಅದಕ್ಕೆ ಸಿಗುವುದು ಒಂದು ಕೆಂಪು ಗೀಟು. ಪಕ್ಕದ ಬೀದಿಯ ಅಕ್ಕನಾದರೆ ‘ಹೇಗೆ ಮಾಡಿದೆ, ಹೇಳು’ ಎಂದು ತೆಲುಗಿನಲ್ಲೇ ಕೇಳಬಲ್ಲಳು. ಮಂಡಿಗೆ ಹೋದ 52 ಬಾಕ್ಸ್ ಟೊಮೆಟೊದಲ್ಲಿ 37 ಹರಾಜಾದರೆ ಉಳಿದದ್ದೆಷ್ಟು ಎಂದು ಅದೇ ಲೆಕ್ಕವನ್ನು ಮತ್ತೆ ಮಾಡಿಸಬಲ್ಲಳು.

ಒಂದೇ ಚಾಪೆಯ ಮಾತು ಇನ್ನೂ ಕಠಿಣ. 2011ರ ಜನಗಣತಿಯಂತೆ ಜಿಲ್ಲೆಯ ಹತ್ತರಲ್ಲಿ ಮೂವರು ಪರಿಶಿಷ್ಟ ಜಾತಿಯವರು. ಆದರೂ 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೇರಿಗಷ್ಟೇ ಪ್ರತ್ಯೇಕ ಟ್ಯೂಷನ್ ನಡೆಸಿದರೆ ಅಂಕ ಹೆಚ್ಚಬಹುದು, ಊರು ಕೇರಿಗಳ ನಡುವಿನ ಈ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಗೆರೆ ದಾಟುವುದು ಹೇಗೆಂಬುದಕ್ಕೆ ಮಾದರಿ ಜಿಲ್ಲೆಯಲ್ಲೇ ಇದೆ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ, ‘ಹುಣ್ಣಿಮೆ ಹಾಡು’ ಮತ್ತು ಮಕ್ಕಳ ಶಿಬಿರಗಳ ಮೂಲಕ ಹಾಡು, ನಾಟಕಗಳ ನೆಪದಲ್ಲಿ ಜನರನ್ನು ಒಟ್ಟಿಗೆ ಕೂರಿಸಿದೆ. ಉಪದೇಶಕ್ಕೆ ಬಾರದವರೂ ನಾಟಕಕ್ಕೆ ಬರುತ್ತಾರೆ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಹೌದು; ಶಿಕ್ಷಕರ ಖಾಲಿ ಹುದ್ದೆಗೆ ಸ್ವಯಂಸೇವಕರನ್ನು ತುಂಬುವುದು ಮೋಸವೇ. ಶಾಲೆ ಮುಚ್ಚಿದ ಮೇಲಿನ ಸಂಜೆಯಷ್ಟೇ ಅವರದು. ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಿ ಶಿಫ್ಟ್ ದುಡಿಯುವ ಹುಡುಗ ಹುಡುಗಿಯರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಬಾಲಸಖಿಯರಿಗೂ ತಿಂಗಳಿಗಿಷ್ಟೆಂದು ಸಂಭಾವನೆ ಇತ್ತು. ಬಡವರ ಮಕ್ಕಳಿಂದಲೇ ಬಿಟ್ಟಿ ಸೇವೆ ಕೇಳುವುದು ಸೇವೆಯ ಹೆಸರಿನ ಸೋಗು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಮಕ್ಕಳು ಬಾರದಿರಬಹುದು, ಕಲಿಸುವವರು ನಡುವೆ ಕೈಬಿಡಬಹುದು. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಸ್ವಯಂಸೇವಕರ ಓದುವ ಶಿಬಿರಕ್ಕೆ ಬಂದ ಮಕ್ಕಳು ಚೆನ್ನಾಗಿ ಕಲಿತರು, ಆದರೆ ಬಂದವರು ನೂರಕ್ಕೆ ಸುಮಾರು ಎಂಟು ಮಂದಿ. ಅಮೆರಿಕದ ಅಧ್ಯಯನವೊಂದರಲ್ಲಿ, ಮಾರ್ಗದರ್ಶಕರು ವರ್ಷ ಪೂರ್ತಿ ಜೊತೆಗಿದ್ದ ಮಕ್ಕಳಿಗೆ ಲಾಭವಾಯಿತು. ಮೂರು ತಿಂಗಳೊಳಗೆ ನಂಟು ಕಡಿದುಹೋದ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಿತು. ಅಂದರೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರಬೇಕು. ನಡುವೆ ಕೈಬಿಡುವುದಾದರೆ ಶುರು ಮಾಡದಿರುವುದೇ ವಾಸಿ.

ಇದಕ್ಕೆ ಹೊಸ ಸಂಘ ಬೇಕಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲಿ ಪ್ರತಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕೆಂಬ ನಿಯಮವಿದೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಾರ್ವಜನಿಕ ಜಾಗವಾದ್ದರಿಂದ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳು ಆ ಗಂಟೆಗಳನ್ನು ಬೀದಿ ಗುಡಿಸುವುದಕ್ಕೂ ಜಾಥಾಗಳಿಗೂ ಚೂರುಚೂರಾಗಿ ಹಂಚದೆ, ವಾರಕ್ಕೆ ಮೂರು ಗಂಟೆಯಂತೆ ನಲವತ್ತು ವಾರ ಒಂದೇ ಅರಿವು ಕೇಂದ್ರಕ್ಕೆ ಕೊಡಲಿ.