ಸೆರೆಮನೆಯ ಬಾಗಿಲಲ್ಲಿ ನಿಂತ ಮಗು

ಏಕಸಂಬಿಯಿಂದ ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹಕ್ಕೆ ಹೋಗಿಬರಲು ಬಡ ಕುಟುಂಬವೊಂದು ಬಸ್ಸಿನ ವೆಚ್ಚದೊಡನೆ ಒಂದು ದಿನದ ಕೂಲಿಯನ್ನೂ ಬಿಡಬೇಕು. ಅದಕ್ಕಿಂತ ಮಿಗಿಲಾಗಿ ಧೈರ್ಯ ಬೇಕು. ಲೋಕಾಪವಾದಕ್ಕಂಜಿ, "ನಿಮ್ಮಪ್ಪ ದುಡಿಯಲು ಮುಂಬಯಿಗೆ ಹೋಗಿದ್ದಾನೆ" ಎಂದು ಮಕ್ಕಳಿಗೆ ಹೇಳುವ ಮನೆಗಳುಂಟು. ಆ ಸುಳ್ಳು ಬಹುಕಾಲ ನಿಲ್ಲದು. ಶಾಲೆಯ ಅಂಗಳದಲ್ಲಿ ಅನ್ಯರ ಬಾಯಿಂದ ನಿಜ ತಿಳಿದಂದು ಮಗುವಿಗೆ ತಾಯಿಯ ಮಾತಿನಲ್ಲಿಯೂ ನಂಬಿಗೆ ಉಳಿಯದು.

2006ರ ಏಪ್ರಿಲ್ 13ರಂದು ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆರು ವರ್ಷ ತುಂಬುವವರೆಗೆ ಮಗು ಸೆರೆಯಲ್ಲಿರುವ ತಾಯಿಯೊಡನೆ ಇರಬಹುದೆಂದಿತು. ತರುವಾಯ ಸರಕಾರಿ ಪಾಲನಾಗೃಹ ಸೇರಿದ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯ ಭೇಟಿ ದೊರೆಯಬೇಕೆಂದು ವಿಧಿಸಿತು. ತಂದೆ ಸೆರೆಯಲ್ಲಿದ್ದು ಮಗು ಮನೆಯಲ್ಲಿದ್ದರೆ, ಭೇಟಿ ಮಾಡಿಸುವ ಹೊಣೆ ಮನೆತನದ್ದೇ ಆಗುತ್ತದೆ.

ಸದ್ಭಕ್ತರೇ, ಅಜ್ಜನೋ ಕಾಕನೋ ಸೋದರಮಾವನೋ ಮಗುವನ್ನು ಕರೆದೊಯ್ಯಲಿ. ಅಲ್ಲಿಯ ದೊಡ್ಡ ಬಾಗಿಲು, ಪಹರೆ, ತಪಾಸಣೆಗಳನ್ನು ಮೊದಲೇ ಮಗುವಿಗೆ ತಿಳಿಸಿರಿ. ಮರಳುವಾಗ ಅತ್ತರೆ ಅಳಲು ಬಿಡಿರಿ. ನೆರೆಯವರು ಬಸ್ಸಿನ ವೆಚ್ಚಕ್ಕೆ ಕೈಗೂಡಿಸಲಿ. ಅದಾಗದಿದ್ದರೆ ಮೂಗು ಮುರಿಯದೆ ಇರಲಿ. ತಂದೆಯ ತಪ್ಪನ್ನು ನ್ಯಾಯಾಲಯ ತೂಗಿದೆ. ಮಗುವನ್ನು ದಂಡಿಸಲು ನಮಗೆ ಯಾವ ಅಧಿಕಾರವಿದೆ?